ಭೇಟಿಯನ್ನು ರದ್ದುಪಡಿಸುವ ಸೌಜನ್ಯ

ಭೇಟಿಯನ್ನು ಗೊತ್ತುಮಾಡುವ ಕ್ರಮವನ್ನು ನಾವೆಲ್ಲರೂ ಬಲ್ಲೆವು. ಗೊತ್ತಾದ ಭೇಟಿಯಿಂದ ಮರ್ಯಾದೆಯಾಗಿ ಬಿಡಿಸಿಕೊಳ್ಳುವ ಕ್ರಮವನ್ನು ಬಲ್ಲವರು ವಿರಳ. ಕಾಯಿಲೆ, ಮಳೆ, ಬಂಧುಗಳ ಮನೆಯ ಸಾವು ಇವು ಯಾರನ್ನೂ ಕೇಳಿ ಬರುವುವಲ್ಲ. ಆದುದರಿಂದ ಭೇಟಿ ತಪ್ಪುವುದು ಸಹಜ. ತಪ್ಪುವುದೆಂದು ತಿಳಿದಮೇಲೂ ಸುಮ್ಮನಿರುವುದು ಅಕ್ಷಮ್ಯ.

ಬೀದರ ಜಿಲ್ಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಭಾಲ್ಕಿಯೂ ಔರಾದವೂ ಬೀದರ ನಗರದಿಂದ ಸುಮಾರು 40 ಕಿಲೋಮೀಟರು ದೂರದಲ್ಲಿವೆ. ಭಾಲ್ಕಿಗೆ ರೈಲುಂಟು, ಔರಾದದವರಿಗೆ ರಸ್ತೆಯೇ ಗತಿ. ಔರಾದದ ಕಡೆಯ ಕೂಲಿಕಾರನೊಬ್ಬನು ನಗರದ ವೈದ್ಯರನ್ನು ಕಾಣಬೇಕಾದರೆ ಬೆಳಗಿನ ಬಸ್ಸು ಹಿಡಿದು, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು, ಇಬ್ಬರ ದಿನಗೂಲಿಯನ್ನೂ ಬಿಟ್ಟು ಬರಬೇಕು. ವೈದ್ಯರು ಅಂದು ಇಲ್ಲವೆಂಬುದು ಬಾಗಿಲಲ್ಲಿ ತಿಳಿದರೆ, ಮತ್ತೊಮ್ಮೆ ಬರುವ ದಿನವೂ ಸೇರಿ ಅವನ ನಷ್ಟ ಇಮ್ಮಡಿಯಾಗುತ್ತದೆ. ನಗರವಾಸಿಯು ತಾನು ಪಡೆದ ಸರದಿಗೆ ಹೋಗದೆ, ಹೇಳದೆ ಉಳಿದರೂ ಹಾನಿ ಇಂಥವನಿಗೇ. ಆ ಸರದಿ ಅವನಿಗೆ ದೊರೆಯಬಹುದಾಗಿದ್ದಿತು.

ತಿಳಿಸಲು ಹಿಂಜರಿಕೆಯೇಕೆ? ಮನೆಯಿಂದ ಹೊರಡುವಾಗಲೂ "ಹೋಗಿ ಬರುತ್ತೇನೆ" ಎನ್ನುವ ಜನ ನಾವು. "ಬರುವುದಿಲ್ಲ" ಎಂಬ ಮಾತು ನಮ್ಮ ನಾಲಗೆಗೆ ಭಾರ. ಆ ದಾಕ್ಷಿಣ್ಯಕ್ಕೆ ಸಿಕ್ಕಿ ಮೌನವಾಗಿದ್ದುಬಿಡುತ್ತೇವೆ. ಬೆಲೆಯನ್ನು ಕಾದು ಕುಳಿತವರು ತೆರುತ್ತಾರೆ.

ಈ ವಿಷಯದಲ್ಲಿ ನ್ಯಾಯಾಲಯದಿಂದ ಕಲಿಯತಕ್ಕದ್ದುಂಟು. ಬೀದರವು 1956ರವರೆಗೆ ಹೈದರಾಬಾದ ಸಂಸ್ಥಾನಕ್ಕೆ, ಬಳಿಕ ಆ ರಾಜ್ಯಕ್ಕೆ ಸೇರಿದ್ದುದರಿಂದ ಅಲ್ಲಿಯ ಜನ ಮೊಕದ್ದಮೆಯ ವಿಚಾರಣೆಯನ್ನು ಇಂದಿಗೂ ಪೇಶಿ ಎನ್ನುವುದುಂಟು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಪೇಶಿಯನ್ನು ಮುಂದೂಡಬೇಕಾದರೆ ತಕ್ಕ ಕಾರಣವನ್ನು ತೋರಿಸಬೇಕು. ಮುಂದಿನ ದಿನ ಗೊತ್ತಾಗಬೇಕು. ಎದುರುಪಕ್ಷದವರ ಖರ್ಚನ್ನು ಕೇಳಿಕೊಂಡವರು ಹೊರಬೇಕಾಗುತ್ತದೆ. 2002ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ವಿಚಾರಣೆಯ ಕಾಲದಲ್ಲಿ ಒಂದು ಪಕ್ಷಕ್ಕೆ ಸಾಮಾನ್ಯವಾಗಿ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಸಲ್ಲದು. ಕಾರಣ, ಮರುದಿನಾಂಕ, ನಷ್ಟದ ಹೊಣೆ, ಮಿತಿ ಈ ನಾಲ್ಕೂ ಗೃಹಸ್ಥರ ಭೇಟಿಗೂ ಒಪ್ಪುತ್ತವೆ.

ಭಾಲ್ಕಿಯಿಂದ ವರನ ಕಡೆಯವರು ಔರಾದಕ್ಕೆ ಕನ್ಯೆ ನೋಡಲು ಹೋಗುವುದೆಂದು ನಿಶ್ಚಯವಾಗಿದೆಯೆನ್ನಿ. ಕನ್ಯೆಯ ಮನೆಯವರು ಬಂಧುಗಳನ್ನು ಕರೆಸಿ, ಉಪ್ಪಿಟ್ಟು ಚಹಾ ಸಿದ್ಧಪಡಿಸಿ ಸಂಜೆಯವರೆಗೆ ಕಾಯುತ್ತಾರೆ, ಯಾರೂ ಬರುವುದಿಲ್ಲ. ವರನ ಮನೆಯಲ್ಲಿ ಯಾರಿಗೋ ಜ್ವರ ಬಂದುದೇ ನಿಜವಾದ ಕಾರಣವಿರಬಹುದು. ಆದರೆ ನೆರೆಹೊರೆಯವರು ಕುಂದನ್ನು ಹುಡುಕುವುದು ಆ ಹುಡುಗಿಯಲ್ಲಿ! ಒಂದು ಮಾತು ಮೊದಲೇ ಮುಟ್ಟಿದ್ದರೆ ಈ ಅಪವಾದಕ್ಕೆ ಎಡೆಯಿರುತ್ತಿರಲಿಲ್ಲ.

ಆ ಮಾತನ್ನು ಭೇಟಿಯನ್ನು ಗೊತ್ತುಮಾಡಿದ ಹಿರಿಯರೇ ಹೇಳತಕ್ಕದ್ದು. ಹುಡುಗರ ಕೈಯಲ್ಲಿ ಹೇಳಿಕಳುಹಿಸಬಾರದು. ಕಾರಣ ಚಿಕ್ಕದಾಗಿಯೂ ನಿಜವಾಗಿಯೂ ಇರಲಿ. ಕಟ್ಟುಕಥೆಯು ಬೀದರದ ಪೇಟೆಯಲ್ಲಿ ಇಬ್ಬರು ಬೀಗರು ಎದುರಾದೊಡನೆ ಬಯಲಾಗುತ್ತದೆ. ಕೇಳುವವರಿಗೆ ಮರಾಠಿಯೋ ಉರ್ದುವೋ ಹೆಚ್ಚು ಬಳಕೆಯಾಗಿದ್ದರೆ ಆ ಭಾಷೆಯಲ್ಲಿಯೇ ಹೇಳುವುದು ಮೇಲು. ಕನ್ನಡದಲ್ಲಿ ಇಷ್ಟು ಸಾಕು: "ಶರಣ್ರಿ ಅಣ್ಣಾವ್ರ, ನಮ್ಮ ಮನ್ಯಾಗ ಅವ್ವಗ ಆರಾಮಿಲ್ಲ, ನಾಳೆ ಬರಲಿಕ್ಕ ಆಗೂದಿಲ್ರಿ. ನಿಮಗ ತ್ರಾಸ ಆತು, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಬರೋ ಐತವಾರ ನಿಮಗ ಅನುಕೂಲ ಐತೇನ್ರಿ?"

ಮುಂದುವರಿಸುವ ಮನಸ್ಸಿಲ್ಲದಾಗ ಮಾತ್ರ ಮರುದಿನಾಂಕವನ್ನು ಕೇಳಬಾರದು. "ಮುಂದೆ ನೋಡೋಣ" ಎಂಬುದು ಮೃದುವಾಗಿ ಕೇಳಿಸಿದರೂ, ಅದನ್ನು ನಂಬಿದ ತಂದೆಯು ಬೇರೆ ಸಂಬಂಧವನ್ನು ಬಿಟ್ಟು ತಿಂಗಳುಗಟ್ಟಲೆ ಕಾಯುವನು. "ಈ ಸಂಬಂಧ ನಮಗೆ ಕೂಡಿಬರಲಿಲ್ಲ, ನೀವು ಬೇರೆ ಕಡೆ ನೋಡಿರಿ" ಎಂದು ಕೈಮುಗಿದು ಹೇಳುವುದೇ ನಿಜವಾದ ದಯೆ.

ಹಿಂದೆ ತುರ್ತು ಸುದ್ದಿಗೆ ತಂತಿಯೊಂದೇ ದಾರಿಯಾಗಿದ್ದಿತು. ಆ ಸೇವೆಯೂ 2013ರ ಜುಲೈಯಲ್ಲಿ ನಿಂತಿತು. ಇಂದು ಹಳ್ಳಿಹಳ್ಳಿಗಳಲ್ಲಿಯೂ ಕೈಯಲ್ಲಿ ದೂರವಾಣಿಯಿದೆ. ತಿಳಿಸಲು ಸಾಧನವಿರಲಿಲ್ಲವೆಂಬ ನೆಪ ಇನ್ನು ಸಲ್ಲದು. ಹೋಗಲಾಗದೆಂದು ನಮಗೆ ತಿಳಿದ ಗಳಿಗೆಯಲ್ಲಿಯೇ, ಅವರು ಬಸ್ಸು ಹತ್ತುವ ಮುನ್ನ, ಒಲೆ ಹೊತ್ತಿಸುವ ಮುನ್ನ, ತಿಳಿಸಿಬಿಡೋಣ.