ಹೊನ್ನಾವರದ ದಾರಿಯಲ್ಲಿ ಕೊಬ್ಬರಿಯ ಅಟ್ಟ

ತಿಪಟೂರಿನ ದೊಡ್ಡ ರಸ್ತೆಗೆ ಬಿ.ಎಚ್. ರಸ್ತೆ ಎಂದು ಹೆಸರು. ಬಿ ಎಂದರೆ ಬೆಂಗಳೂರು, ಎಚ್ ಎಂದರೆ ಹೊನ್ನಾವರ. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆಯ ಘಟ್ಟ ಇಳಿದು ಸಮುದ್ರ ಮುಟ್ಟುವ ಹಳೆಯ ಹೆದ್ದಾರಿ ಇದು. 206 ಎಂಬ ನಂಬರು ಹೋಗಿ ಬೇರೆ ನಂಬರುಗಳು ಬಂದರೂ ಅಂಗಡಿ ಬೋರ್ಡುಗಳಲ್ಲಿ, ಲಗ್ನಪತ್ರಿಕೆಗಳಲ್ಲಿ ಆ ಎರಡಕ್ಷರ ಹಾಗೇ ಉಳಿದಿವೆ. ತೆಂಗಿನ ಸೀಮೆಯ ನಟ್ಟನಡುವೆ ನಿಂತರೂ ಕಾಲ ಕೆಳಗಿನ ದಾರಿ ಕಡಲಿನದ್ದೇ.

ನನ್ನ ತಂಗಿಯ ಮಗಳು ಮತ್ತು ಅವಳ ಮೂವರು ಗೆಳತಿಯರು ಹೊನ್ನಾವರಕ್ಕೆ ಹೊರಟಿದ್ದರು. ‘ದೊಡ್ಡಮ್ಮ, ಐದು ದಿನ, ತಲೆಗೆ ಮೂರು ಸಾವಿರ. ಆಗುತ್ತಾ?’ ಎಂದು ಲೆಕ್ಕದ ಚೀಟಿ ತೋರಿಸಿದಳು. ಚೀಟಿಯ ಮೊದಲ ಸಾಲಿನಲ್ಲೇ ಬಾಡಿಗೆ ಕಾರು. ಬಾಡಿಗೆ, ಡೀಸೆಲ್, ಟೋಲು, ಚಾಲಕರ ಬತ್ತೆ ಸೇರಿಸಿದರೆ ಕಡಲು ಕಾಣುವ ಮುಂಚೆಯೇ ಕೈ ಖಾಲಿ. ‘ಕಾರು ಬಿಡಿ. ಮೊದಲೆರಡು ದಿನ ನನ್ನ ಜೊತೆ ಬನ್ನಿ, ತೆಂಗಿನ ಸೀಮೆ ತೋರಿಸಿ ತಿಪಟೂರಿನಲ್ಲಿ ರಾತ್ರಿ ರೈಲು ಹತ್ತಿಸುತ್ತೇನೆ’ ಎಂದೆ. ಸಮುದ್ರಕ್ಕೆ ಹೋಗುವವರು ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಎಂಬ ಈ ಮೂರು ತಾಲ್ಲೂಕುಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ದಾಟಿಬಿಡುತ್ತಾರೆ ಎಂಬ ಸಂಕಟ ನನಗೆ ಬಹಳ ವರ್ಷಗಳದ್ದು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದರ ಸೊನ್ನೆ. ಐಷಾರಾಮಿ ಬಸ್ಸುಗಳಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಆಧಾರ್ ಕಾರ್ಡು ಕೈಲಿದ್ದರೆ ಸಾಕು. ಗಂಡಸರು ಜೊತೆಗಿದ್ದರೆ ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಅಗ್ಗ. ತುರುವೇಕೆರೆಗೆ ಹತ್ತಿರದ ನಿಲ್ದಾಣ ಬಾಣಸಂದ್ರ.

ನಾವು ಮೊದಲು ಇಳಿದದ್ದು ತುರುವೇಕೆರೆಯಲ್ಲಿ. ತುರು ಎಂದರೆ ಹಳಗನ್ನಡದಲ್ಲಿ ಹಸು. ಆ ಹೆಸರಿಗೆ ತಕ್ಕಂತೆ ಇಲ್ಲಿ ನೋಡಲೇಬೇಕಾದದ್ದು ಗಂಗಾಧರೇಶ್ವರ ಗುಡಿಯ ನಂದಿ. ಕಪ್ಪು ಕಲ್ಲಿನ ದೊಡ್ಡ ಮೈ, ನೂರಾರು ವರ್ಷ ಕಳೆದರೂ ಮಾಸದ ಹೊಳಪು. ಕೊರಳ ಸರಗಳನ್ನು ಒಂದೊಂದಾಗಿ ನೋಡುತ್ತ ಹುಡುಗಿಯರು ಮಾತೇ ಮರೆತರು. ಊರಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವ ಗುಡಿಯೂ ಇದೆ, ಮೂಲೆ ಶಂಕರೇಶ್ವರನೂ ಇದ್ದಾನೆ. ಎಲ್ಲಕ್ಕೂ ನಡೆದೇ ಹೋಗಬಹುದು, ಟಿಕೆಟ್ಟಿಲ್ಲ. ಹೊತ್ತಿದ್ದವರು ಇದೇ ತಾಲ್ಲೂಕಿನ ನಾಗಲಾಪುರದ ಜೋಡಿ ಗುಡಿಗಳನ್ನೂ ವಿಘ್ನಸಂತೆಯಲ್ಲಿ 1286ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ಗುಡಿಯನ್ನೂ ಸೇರಿಸಿಕೊಳ್ಳಲಿ. ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ ಸಂಪಿಗೆ ಕೂಡ ತುರುವೇಕೆರೆ ತಾಲ್ಲೂಕಿನದೇ.

ಹಳ್ಳಿ ಬಸ್ಸಿನ ಹೊತ್ತು ಮೊದಲೇ ಕೇಳಿಕೊಳ್ಳಬೇಕು. ನಾವು ಕೇಳಲಿಲ್ಲ. ಅರಳಗುಪ್ಪೆಯ ಕಡೆ ಹೋಗಲು ಒಂದೂವರೆ ಗಂಟೆ ಕಾದು, ಕೊನೆಗೆ ಐದು ಜನ ಒಂದು ಆಟೊ ಮಾಡಿಕೊಂಡೆವು. ಮೊದಲ ದಿನದ ದೊಡ್ಡ ಖರ್ಚು ಅದೇ.

ಆದರೆ ಅರಳಗುಪ್ಪೆಗೆ ಎಷ್ಟು ಕೊಟ್ಟರೂ ಸಲ್ಲುತ್ತದೆ. ತಿಪಟೂರು ತಾಲ್ಲೂಕಿನ ಈ ಊರಿನಲ್ಲಿ ಹೊಯ್ಸಳರ ಚೆನ್ನಕೇಶವ ಗುಡಿಗಿಂತ ನಾಲ್ಕು ಶತಮಾನ ಹಳೆಯದಾದ ಕಲ್ಲೇಶ್ವರನ ಗುಡಿ ಇದೆ. 9ನೇ ಶತಮಾನದ್ದು, ಗಂಗ–ನೊಳಂಬರ ಕಾಲದ್ದು. ಹೊರಗಿನಿಂದ ನೋಡಿದರೆ ಸಾದಾ ಕಲ್ಲಿನ ಕಟ್ಟಡ. ಒಳಗೆ ಹೋಗಿ ತಲೆ ಎತ್ತಬೇಕು. ಛಾವಣಿಯ ನಡುವೆ ಶಿವ ಕುಣಿಯುತ್ತಿದ್ದಾನೆ, ಪಕ್ಕದಲ್ಲಿ ವಾದ್ಯದವರು, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು ತಮ್ಮ ತಮ್ಮ ವಾಹನಗಳ ಮೇಲೆ. ಕತ್ತು ನೋಯಿತೆಂದು ನಾವು ತಣ್ಣನೆಯ ನೆಲದ ಮೇಲೆ ಮಲಗಿಯೇ ನೋಡಿದೆವು. ಕಣ್ಣು ಮಬ್ಬಿಗೆ ಹೊಂದಿಕೊಂಡ ಮೇಲೆ ಒಬ್ಬೊಬ್ಬರೇ ಕಲ್ಲಿನಿಂದ ಕೆಳಗಿಳಿದು ಬಂದಂತೆ ಕಂಡರು. ಕರ್ನಾಟಕದ ಶಿಲ್ಪದಲ್ಲಿ ಇದಕ್ಕಿಂತ ಜೀವಂತ ಛಾವಣಿಯನ್ನು ನಾನು ನೋಡಿಲ್ಲ. ಬಾಗಿಲು ಹಾಕಿದ್ದರೆ ಊರೊಳಗೆ ಅರ್ಚಕರನ್ನು ಕೇಳಿ, ಯಾರಾದರೂ ಬೀಗದ ಕೈ ತರುತ್ತಾರೆ.

ರಾತ್ರಿ ತಿಪಟೂರಿನಲ್ಲಿ ಉಳಿದೆವು. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಎರಡು ಕೋಣೆ, ತಲೆಗೆ ಮುನ್ನೂರರ ಆಚೀಚೆ. ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು, ಅದಕ್ಕೆ ಇಲ್ಲಿನವರ ಕೈ ಧಾರಾಳವಾಗಿ ಅರೆದು ಹಾಕಿದ ಕಾಯಿ.

ಮರುದಿನ ಬೆಳಿಗ್ಗೆ ಎಪಿಎಂಸಿ ಪ್ರಾಂಗಣ. ಕೊಬ್ಬರಿ ವಹಿವಾಟು ವಾರಕ್ಕೆರಡು ದಿನ, ಯಾವ ದಿನವೆಂದು ಊರಿನ ಯಾರನ್ನೇ ಕೇಳಿದರೂ ಹೇಳುತ್ತಾರೆ. ಹೊರಡುವ ಮುಂಚೆ ಆ ದಿನ ನೋಡಿಕೊಂಡರೆ ಒಳ್ಳೆಯದು. ಗೇಟು ದಾಟುತ್ತಲೇ ಮೂಗಿಗೆ ಬರುವುದು ಎಣ್ಣೆಯ ಜಿಡ್ಡು ಬೆರೆತ ಸಿಹಿ ವಾಸನೆ. ಅಂಗಡಿಗಳ ಮುಂದೆ ಗುಡ್ಡೆ ಹಾಕಿದ ಉಂಡೆ ಕೊಬ್ಬರಿ. ಹೆಂಗಸರು ಕಾಲು ಚಾಚಿ ಕೂತು ದಪ್ಪದ್ದು, ಸಣ್ಣದ್ದು, ಕೌಟು ಎಂದು ಬೇರೆ ಮಾಡುತ್ತಿದ್ದರು. ಕೌಟು ಎಂದರೆ ಒಳಗೆ ಕೆಟ್ಟದ್ದು. ಅದು ಎಣ್ಣೆ ಗಾಣದ ದಾರಿ ಹಿಡಿಯುತ್ತದೆ. ಚೆನ್ನಾಗಿರುವುದು ಲಾರಿ ಹತ್ತಿ ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿ ಅದು ಬಾದಾಮಿ, ದ್ರಾಕ್ಷಿಯ ಜೊತೆ ತಟ್ಟೆಯಲ್ಲಿ ಕೂರುವ ಒಣಹಣ್ಣು, ಮದುವೆಯ ಮಂಗಳದ್ರವ್ಯ. ಒಬ್ಬ ವರ್ತಕರು ಉಂಡೆಯೊಂದನ್ನು ಹೋಳು ಮಾಡಿ ತೋರಿಸಿದರು. ಹೊರಗೆ ಕಂದು ಸಿಪ್ಪೆ, ಒಳಗೆ ಹಾಲಿನ ಬಿಳುಪು, ಬೆರಳಲ್ಲಿ ಒತ್ತಿದರೆ ಎಣ್ಣೆ ಜಿನುಗುವಷ್ಟು ಮಾಗಿತ್ತು.

ದೇಶದ ಉಂಡೆ ಕೊಬ್ಬರಿಯಲ್ಲಿ ಬಹುಪಾಲು ಕರ್ನಾಟಕದ್ದು. ‘ಕಡಲ ತೀರದಲ್ಲೂ ತೆಂಗೇ ಅಲ್ಲವಾ, ಅಲ್ಲೇಕೆ ಮಾಡಲ್ಲ?’ ಎಂದು ಹುಡುಗಿಯರಲ್ಲಿ ಒಬ್ಬಳು ಕೇಳಿದಳು. ಈ ಸೀಮೆಗೆ ಬಂದವರು ಕೇಳಬೇಕಾದ ಪ್ರಶ್ನೆ ಅದು. ಉತ್ತರ ಸಿಕ್ಕಿದ್ದು ಮಧ್ಯಾಹ್ನ, ಚಿಕ್ಕನಾಯಕನಹಳ್ಳಿ ರಸ್ತೆಯ ಹಳ್ಳಿಯೊಂದರಲ್ಲಿ, ಅಟ್ಟದ ಮೇಲೆ.

ಪರಿಚಯದವರ ಮನೆ. ಕೆಳಗೆ ಒಂದು ಕಡೆ ದನ, ಒಂದು ಕಡೆ ಸುಲಿದ ಮಟ್ಟೆಯ ರಾಶಿ. ಏಣಿ ಹತ್ತಿದರೆ ಸಂದು ಬಿಟ್ಟು ಜೋಡಿಸಿದ ಮರದ ಪಟ್ಟಿಗಳ ನೆಲ. ಕೆಳಗಿನ ಗಾಳಿ ಮೇಲೆ ಬರಲೆಂದು ಆ ಸಂದು. ಅದರ ಮೇಲೆ ಮಟ್ಟೆ ಸಮೇತ ಸಾವಿರಾರು ಕಾಯಿ, ಹೆಂಚಿನ ಸಂದಿಯಿಂದ ಬಿದ್ದ ಬೆಳಕಿನ ಪಟ್ಟೆಗಳಲ್ಲಿ ಬೂದು ಬಣ್ಣಕ್ಕೆ ತಿರುಗಿ ಮಲಗಿದ್ದವು. ಮನೆಯಾಕೆ ಒಂದು ಕಾಯಿ ಎತ್ತಿ ನನ್ನ ತಂಗಿಯ ಮಗಳ ಕಿವಿಯ ಹತ್ತಿರ ಅಲ್ಲಾಡಿಸಿದರು. ‘ಗಳಗಳ ಅಂದ್ರೆ ಇನ್ನೂ ನೀರೈತೆ ಕಣವ್ವ. ಇದ ಕೇಳು, ಗುಡುಗುಡು ಅಂತೈತಲ್ಲ, ಇದು ಕೊಬ್ರಿ.’

ಬಲಿತ ಕಾಯಿ ಅಟ್ಟ ಸೇರಿದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಲ್ಲೇ ಇರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯಲ್ಲಿ ಮಟ್ಟೆ ಸುಲಿದು, ಉಂಡೆ ಒಡೆಯದಂತೆ ಚಿಪ್ಪು ಬಿಡಿಸುತ್ತಾರೆ. ಇದಕ್ಕೆ ಬೇಕಾದ್ದು ಒಣ ಹವೆ. ಹೊನ್ನಾವರದ ಕಡೆ ವರ್ಷಕ್ಕೆ ಬೀಳುವ ಮಳೆಯ ಐದನೇ ಒಂದು ಪಾಲು ಇಲ್ಲಿ ಬಿದ್ದರೆ ಹೆಚ್ಚು. ಅಲ್ಲಿನ ತೇವದಲ್ಲಿ ಇಷ್ಟು ತಿಂಗಳು ಕಾಯಿ ಇಟ್ಟರೆ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಅದಕ್ಕೇ ಅಲ್ಲಿನವರು ಕಾಯಿ ಒಡೆದು ಹೋಳುಗಳನ್ನು ಬಿಸಿಲಿಗೆ ಹರಡಿ ಎಣ್ಣೆಯ ಕೊಬ್ಬರಿ ಮಾಡುತ್ತಾರೆ. ಮಳೆ ಕಡಿಮೆ ಎಂದು ನಾವು ಮರುಗುವ ನೆಲ, ಆ ಒಣಹವೆಯಿಂದಲೇ ಕಡಲ ತೀರಕ್ಕೆ ಒಗ್ಗದ ಪದಾರ್ಥವನ್ನು ಮಾಡಿಕೊಡುತ್ತಿದೆ.

ಅಟ್ಟ ಈ ಮನೆಗಳ ಉಳಿತಾಯದ ಪೆಟ್ಟಿಗೆ ಕೂಡ. ಮಗಳ ಮದುವೆಗೆ, ಮಗನ ಕಾಲೇಜು ಫೀಸಿಗೆ ಕೊಬ್ಬರಿ ಇಳಿಸುತ್ತಾರೆ. ಆದ್ದರಿಂದ ಬೆಲೆ ಬಿದ್ದರೆ ಬೀಳುವುದು ವರ್ಷವಿಡೀ ಕಾದವರ ಮೇಲೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ರೈತರು ಇದೇ ತಿಪಟೂರಿನಲ್ಲಿ ಬೀದಿಗಿಳಿದರು. ಆಮೇಲೆ ಬೆಲೆ ಏರಿತು, ಆದರೆ ಅಷ್ಟರಲ್ಲಿ ಎಷ್ಟೋ ಅಟ್ಟಗಳು ಖಾಲಿಯಾಗಿದ್ದವು. ‘ಕಾಯೋ ಶಕ್ತಿ ಇಲ್ದೋರು ಎಳನೀರಿಗೇ ಕೊಟ್ಬಿಡ್ತಾರೆ ಅಕ್ಕ. ಅಟ್ಟ ತುಂಬ್ಸೋರು ಕಮ್ಮಿ ಆದ್ರು’ ಎಂದು ಆಕೆ ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ತೋಟದ ಅಂಚಿನಲ್ಲಿ ಸುಳಿ ಒಣಗಿ ಬರೀ ಕಂಬವಾಗಿ ನಿಂತ ಮರಗಳೂ ಇದ್ದವು. ನುಸಿ, ಕಪ್ಪುತಲೆ ಹುಳು, ಅಣಬೆ ರೋಗ, ಬತ್ತಿದ ಕೊಳವೆಬಾವಿ, ಒಂದೊಂದು ಮರಕ್ಕೆ ಒಂದೊಂದು ಕಾರಣ.

ಚಿಕ್ಕನಾಯಕನಹಳ್ಳಿಗೆ ನಮಗೆ ಉಳಿದದ್ದು ಸಂಜೆಯ ಎರಡು ಗಂಟೆ. ತೆಂಗಿನ ಹಸಿರು ಇಲ್ಲಿ ಕಬ್ಬಿಣದ ಅದಿರಿನ ಕೆಂಪು ಗುಡ್ಡಗಳಿಗೆ ತಾಗುತ್ತದೆ. ಮದಲಿಂಗನ ಕಣಿವೆ ಇರುವುದು ಈ ಗುಡ್ಡಗಳಲ್ಲೇ. ಮದಲಿಂಗ ಎಂದರೆ ಮದುಮಗ, ಅವನ ಸಾವಿನ ಕಥೆ ಇಲ್ಲಿ ಅಜ್ಜಿಯರಿಗೆಲ್ಲ ಗೊತ್ತು. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ. ಶ್ರೀಕಂಠಯ್ಯನವರ ತೀರ್ಥಪುರ ಇದೇ ತಾಲ್ಲೂಕು. ಅವರ ಹೆಸರಿನ ‘ತೀ’ ಆ ಊರೇ ಎಂದಾಗ ಹುಡುಗಿಯರಿಗೆ ಆಶ್ಚರ್ಯ. ಬೋರನಕಣಿವೆ ಜಲಾಶಯಕ್ಕೆ ಇನ್ನೊಂದು ದಿನ ಬೇಕು.

ಎರಡು ದಿನಕ್ಕೆ ಕೋಣೆ, ಊಟ, ಕಾಫಿ, ಆಟೊ ಎಲ್ಲ ಸೇರಿ ತಲೆಗೆ ಒಂಬೈನೂರು ರೂಪಾಯಿ ದಾಟಲಿಲ್ಲ. ರಾತ್ರಿ ತಿಪಟೂರಿನಲ್ಲಿ ಅವರನ್ನು ತಾಳಗುಪ್ಪದ ರೈಲು ಹತ್ತಿಸಿದೆ. ಮಲಗುವ ಬೋಗಿಯ ಟಿಕೆಟ್ಟು ಒಂದು ರಾತ್ರಿಯ ಕೋಣೆಗಿಂತ ಕಡಿಮೆ. ಬೆಳಗಾದರೆ ತಾಳಗುಪ್ಪ, ಅಲ್ಲಿಂದ ಜೋಗ ಹತ್ತಿರ. ಮತ್ತೆ ಸರ್ಕಾರಿ ಬಸ್ಸು, ಶರಾವತಿಯ ಪಕ್ಕದಲ್ಲೇ ಘಟ್ಟ ಇಳಿದರೆ ಹೊನ್ನಾವರ, ಕಾಸರಕೋಡಿನ ಕಡಲ ತೀರ. ಮೂರನೆಯ ದಿನ ಸಂಜೆ ಫೋನ್ ಬಂತು. ‘ದೊಡ್ಡಮ್ಮ, ಇಲ್ಲಿ ಅಂಗಳದಲ್ಲಿ ಕಾಯಿ ಹೋಳು ಒಣಗಿಸಿದ್ದಾರೆ. ನೀವು ಕೊಡಿಸಿದ ಉಂಡೆ ಕೊಬ್ಬರಿ ಕೊಟ್ವಿ. ಆ ಮನೆಯಮ್ಮ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡಿದರು.’

ಈ ದಾರಿಯಲ್ಲಿ ಕಡಲಿಗೆ ಹೊರಟವರು ಒಂದು ದಿನವಾದರೂ ಇಲ್ಲಿ ಇಳಿಯಿರಿ. ಕೊಬ್ಬರಿಯನ್ನು ತಿಪಟೂರಿನಲ್ಲೇ ಕೊಳ್ಳಿ, ಅರ್ಧ ಕೆ.ಜಿ. ಆದರೂ ಸರಿ. ಅಟ್ಟ ನೋಡಬೇಕೆನಿಸಿದರೆ ಮನೆಯವರನ್ನು ಕೇಳಿ, ಚಪ್ಪಲಿ ಕೆಳಗೆ ಬಿಟ್ಟು ಹತ್ತಿ. ಆ ಪಟ್ಟಿಗಳ ಮೇಲೆ ಅವರ ಒಂದು ವರ್ಷದ ಅನ್ನ ಇರುತ್ತದೆ.