ಚಪ್ಪಡಿಯ ಮೇಲೆ, ಚಪ್ಪಡಿಯ ಕೆಳಗೆ

ಬೆಂಗಳೂರಿನ ಎಂ.ಜಿ. ರಸ್ತೆಯಿಂದ ಬ್ರಿಗೇಡ್ ರಸ್ತೆಗೆ ತಿರುಗಿ ಸ್ವಲ್ಪ ಮುಂದೆ ನಡೆದರೆ ಬಲಗಡೆ ಚರ್ಚ್ ಸ್ಟ್ರೀಟ್. ಉದ್ದ ಮುಕ್ಕಾಲು ಕಿಲೋಮೀಟರಿನ ಆಸುಪಾಸು. ಆ ತುದಿಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ. ಪುಸ್ತಕದ ಹುಚ್ಚಿನವರು ಬ್ಲಾಸಮ್, ಬುಕ್‌ವರ್ಮ್ ಎಂದು ಬರುತ್ತಾರೆ. ಕಾಫಿಯವರು, 2009ರಲ್ಲಿ ಎಂ.ಜಿ. ರಸ್ತೆಯ ಹಳೆಯ ಜಾಗ ಬಿಟ್ಟು ಇಲ್ಲಿ ಬಂದು ಕೂತ ಇಂಡಿಯನ್ ಕಾಫಿ ಹೌಸ್ ಹುಡುಕಿಕೊಂಡು ಬರುತ್ತಾರೆ. ನಾವು ಈ ಸಲ ಅಂಗಡಿಗಳ ಕಡೆ ಕತ್ತೆತ್ತದೆ ಬರೀ ನೆಲ ನೋಡಿಕೊಂಡು ನಡೆಯೋಣ. ಅದಕ್ಕೆ ಭಾನುವಾರ ಬೆಳಿಗ್ಗೆ ಎಂಟರ ಹೊತ್ತು ಒಳ್ಳೆಯದು. ಹತ್ತು ಗಂಟೆ ದಾಟಿದರೆ ನೆಲದ ಮೇಲೆ ಬೈಕುಗಳಿರುತ್ತವೆ, ನೆಲ ಕಾಣುವುದಿಲ್ಲ.

ಮೊದಲು ಕಣ್ಣಿಗೆ ಬೀಳುವುದು ಕಲ್ಲು. ಇಲ್ಲಿ ವಾಹನ ಓಡುವ ದಾರಿಗೂ ಡಾಂಬರಿಲ್ಲ. ಗ್ರಾನೈಟಿನ ಪುಟ್ಟ ಚೌಕ ಕಲ್ಲುಗಳನ್ನು ಬಣ್ಣ ಬದಲಿಸಿ ಚಿತ್ತಾರ ಮೂಡುವಂತೆ ಹಾಸಿದ್ದಾರೆ. ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ಸಂಸ್ಥೆಯ ವಿನ್ಯಾಸ ಇದು. 2017ರ ಫೆಬ್ರುವರಿಯಲ್ಲಿ ರಸ್ತೆ ಅಗೆದರು, 2018ರ ಆರಂಭದಲ್ಲಿ ಬಿಟ್ಟುಕೊಟ್ಟರು. ನಡುವಿನ ಒಂದು ವರ್ಷ ಇಲ್ಲಿನ ಅಂಗಡಿಯವರು ಧೂಳು, ಜೆಸಿಬಿ ಸದ್ದು, ಬಾರದ ಗಿರಾಕಿ ಎಲ್ಲವನ್ನೂ ಸಹಿಸಿಕೊಂಡರು. ಕೆಲಸ ಮುಗಿದ ವಾರದಿಂದಲೇ ಫೋಟೊ ತೆಗೆಯುವವರ ಸಾಲು ಶುರುವಾಯಿತು, ಇನ್ನೂ ನಿಂತಿಲ್ಲ.

ಕಲ್ಲು ಚೆಂದವಿದೆ ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಕಾರು ಅದರ ಮೇಲೆ ಗಡಗಡ ಸದ್ದು ಮಾಡುತ್ತದೆ, ಆ ಸದ್ದಿಗೇ ಚಾಲಕನ ಕಾಲು ಬ್ರೇಕಿನ ಕಡೆ ಹೋಗುತ್ತದೆ. ಉಬ್ಬು ಹಾಕದೆ ವೇಗ ಇಳಿಸುವ ಜಾಣ ಉಪಾಯ. ಆದರೆ ಇದೇ ನೆಲವನ್ನು ಗಾಲಿಕುರ್ಚಿಯಲ್ಲಿ ದಾಟುವವರ ಕಣ್ಣಿನಿಂದ ನೋಡಿ. ಕುರ್ಚಿಯ ಮುಂದಿನ ಚಕ್ರಗಳು ಅಂಗೈಯಷ್ಟೇ ಇರುತ್ತವೆ. ಕಲ್ಲಿನ ಪ್ರತಿ ಸಂದೂ ಅವಕ್ಕೆ ಒಂದು ಗುಂಡಿ. ನಾಲ್ಕು ಕಲ್ಲು ಸಡಿಲವಾದರೆ ಚಕ್ರ ಅಡ್ಡ ತಿರುಗಿ ಸಿಕ್ಕಿಕೊಳ್ಳುತ್ತದೆ. ಪಕ್ಕದ ಫುಟ್‌ಪಾತಿನ ಅಗಲ ಚಪ್ಪಡಿ ನುಣುಪಾಗಿದೆ, ಅಲ್ಲಿ ಸಲೀಸು. ತೊಂದರೆ ಬರುವುದು ಈ ಕಡೆಯಿಂದ ಆ ಕಡೆಗೆ ಹೋಗುವಾಗ.

2020ರ ನವೆಂಬರ್ 7ರಿಂದ ಕೆಲವು ತಿಂಗಳು, ವಾರಾಂತ್ಯಗಳಲ್ಲಿ ಈ ಬೀದಿಗೆ ವಾಹನಗಳನ್ನೇ ಬಿಡಲಿಲ್ಲ. ನಗರ ಭೂಸಾರಿಗೆ ನಿರ್ದೇಶನಾಲಯ, ಅಂದರೆ ಡಲ್ಟ್, ನಡೆಸಿದ ಪ್ರಯೋಗ ಅದು. ಗಾಳಿಯ ಗುಣಮಟ್ಟ ಅಳೆಯಲು ಭಾರತೀಯ ವಿಜ್ಞಾನ ಸಂಸ್ಥೆಯವರು ಜೊತೆಗಿದ್ದರು. ಮಕ್ಕಳು ರಸ್ತೆಯ ನಡುಮಧ್ಯೆ ಓಡಾಡಿದರು, ಹಿರಿಯರು ಬೆಂಚು ಹುಡುಕಿದರು. ಪಾರ್ಕಿಂಗ್ ಇಲ್ಲದೆ ವ್ಯಾಪಾರ ಹೇಗೆ ಎಂದು ಕೆಲವು ಅಂಗಡಿಯವರು ಗೊಣಗಿದರು. ಪ್ರಯೋಗ ಮುಗಿಯಿತು, ವಾಹನಗಳು ಮರಳಿದವು. ನನ್ನನ್ನು ಕೇಳಿದರೆ, ಕೋಟಿಗಟ್ಟಲೆ ಸುರಿದು ಕಲ್ಲು ಹಾಸಿದ್ದಕ್ಕೆ ನಿಜವಾದ ಅರ್ಥ ಬಂದದ್ದು ಆ ಕೆಲವು ತಿಂಗಳ ಶನಿವಾರ ಭಾನುವಾರಗಳಲ್ಲೇ.

ಈಗ ಫುಟ್‌ಪಾತಿನ ಅಂಚಿಗೆ ಬನ್ನಿ. ಮೊಣಕಾಲೆತ್ತರದ ಗೂಟಗಳು ಕಾಣುತ್ತವೆ. ಎಂಜಿನಿಯರುಗಳು ಬೊಲಾರ್ಡ್ ಎನ್ನುತ್ತಾರೆ. ಇವುಗಳ ನಡುವಿನ ಅಂತರ ಎಷ್ಟಿರಬೇಕೆಂಬ ಪ್ರಶ್ನೆ ಒಂದು ಬೀದಿಯ ಇಡೀ ಇಕ್ಕಟ್ಟನ್ನು ಹೇಳಿಬಿಡುತ್ತದೆ. ಗಾಲಿಕುರ್ಚಿ ಸರಾಗವಾಗಿ ಹೋಗಬೇಕಾದರೆ ಕಡಿಮೆಯೆಂದರೂ 900 ಮಿಲಿಮೀಟರ್ ಬಿಡಬೇಕು. ಸ್ಕೂಟರಿನ ಹ್ಯಾಂಡಲ್ ಅದಕ್ಕಿಂತ ಕಿರಿದು. ಕುರ್ಚಿಗೆ ದಾರಿ ಬಿಟ್ಟರೆ ಸ್ಕೂಟರೂ ನುಗ್ಗುತ್ತದೆ. ಸ್ಕೂಟರ್ ತಡೆಯಲು ಗೂಟ ಒತ್ತೊತ್ತಾಗಿ ನೆಟ್ಟರೆ ಕುರ್ಚಿ ಹೊರಗೇ ಉಳಿಯುತ್ತದೆ. ಬೆಂಗಳೂರಿನ ಎಷ್ಟೋ ಕಡೆ ಎರಡನೆಯದೇ ಆಗಿದೆ. ಎರಡು ಗೂಟದ ನಡುವೆ ಇನ್ನೊಂದು ಗೂಟ, ಸಾಲದ್ದಕ್ಕೆ ಒಂದು ಸರಪಳಿ. ಬೈಕಿನವನು ಆಚೆ ಮನೆಯ ಗೇಟಿನ ಇಳಿಜಾರಿನಿಂದ ಹತ್ತಿ ಬರುತ್ತಾನೆ. ಅವನಿಗಾಗಿ ನೆಟ್ಟ ಗೂಟದ ಮುಂದೆ ನಿಂತುಕೊಳ್ಳುವುದು ಗಾಲಿಕುರ್ಚಿ. ಈ ಗಂಟನ್ನು ನಕ್ಷೆಯಲ್ಲಿ ಬಿಡಿಸಲು ಆಗುವುದಿಲ್ಲ. ದಂಡದ ಚೀಟಿ ಹಿಡಿದ ಒಬ್ಬ ಪೊಲೀಸ್ ಪೇದೆ ಬೇಕು, ಅವನ ಸಂಬಳ ಯಾವ ರಸ್ತೆ ಯೋಜನೆಯ ಅಂದಾಜಿನಲ್ಲೂ ಇರುವುದಿಲ್ಲ. ನಾನು ನೋಡುತ್ತಿದ್ದಂತೆ ಊಟದ ಡಬ್ಬಿಯ ಹುಡುಗನೊಬ್ಬ ಗೂಟಗಳ ನಡುವೆ ಬೈಕ್ ನುಗ್ಗಿಸಿ ನಿಲ್ಲಿಸಿದ. ನನ್ನ ಮುಖ ನೋಡಿ "ಎರಡೇ ನಿಮಿಷ ಅಂಕಲ್" ಎಂದು ಮೆಟ್ಟಿಲೇರಿದ. ಅವನಿಗಾದರೂ ಬೈಕ್ ನಿಲ್ಲಿಸಲು ಜಾಗ ಎಲ್ಲಿದೆ?

ಎತ್ತರದ ಲೆಕ್ಕವೂ ಹೀಗೆಯೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 103ನೇ ಸಂಹಿತೆಯ ಪ್ರಕಾರ ಫುಟ್‌ಪಾತ್ ರಸ್ತೆಯಿಂದ 150 ಮಿಲಿಮೀಟರಿಗಿಂತ ಎತ್ತರ ಇರಕೂಡದು. ಇಳಿಜಾರು ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕು. ಅಂದರೆ 150 ಮಿಲಿಮೀಟರ್ ಇಳಿಯಲು 1.8 ಮೀಟರ್ ಉದ್ದದ ಇಳಿಜಾರು. ಬಡಾವಣೆಗಳಲ್ಲಿರುವಂತೆ ಒಂದು ಅಡಿ ಎತ್ತರ ಕಟ್ಟಿದರೆ ಇಳಿಜಾರಿಗೇ ಮೂರೂವರೆ ಮೀಟರಿಗಿಂತ ಹೆಚ್ಚು ಬೇಕು. ಅಷ್ಟು ಜಾಗವಿದ್ದಿದ್ದರೆ ಎರಡನೇ ಫುಟ್‌ಪಾತನ್ನೇ ಕಟ್ಟಬಹುದಿತ್ತು. ಚರಂಡಿಯ ಮೇಲೆ ಚಪ್ಪಡಿ ಮುಚ್ಚಿ ಅದನ್ನೇ ಫುಟ್‌ಪಾತ್ ಎಂದು ಕರೆಯುವ ಊರಲ್ಲಿ ಎತ್ತರ ತೀರ್ಮಾನಿಸುವುದು ನಡೆಯುವವರ ಕಾಲಲ್ಲ, ಚರಂಡಿಯ ಗೋಡೆ.

ಮ್ಯೂಸಿಯಂ ರಸ್ತೆ ಕೂಡುವ ಮೂಲೆ ದಾಟಿ ಸೇಂಟ್ ಮಾರ್ಕ್ಸ್ ರಸ್ತೆಗೆ ಬಂದರೆ ಕೋಶೀಸ್ ಎದುರಾಗುತ್ತದೆ. ಒಳಗೆ ಹೋಗಬೇಡಿ, ಹೋದರೆ ಈ ಪರಿಚಯ ಅಲ್ಲಿಗೇ ಮುಗಿಯುತ್ತದೆ. ಎಡಕ್ಕೆ ತಿರುಗಿ. ಇಲ್ಲಿ ಚಿತ್ತಾರವಿಲ್ಲ, ಫೋಟೊ ತೆಗೆಯುವವರೂ ಇಲ್ಲ. ಬೂದು ಚಪ್ಪಡಿ, ಅಗಲ ಫುಟ್‌ಪಾತ್, ಹೊಸದಾಗಿ ನೆಟ್ಟು ಈಗ ನೆರಳು ಕೊಡುವ ಮರಗಳು. ನನ್ನ ಮಟ್ಟಿಗೆ ಈ ಸುತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಬೇಕಾದ ರಸ್ತೆ ಇದೇ.

ಇದು ಟೆಂಡರ್‌ಶ್ಯೂರ್ ರಸ್ತೆ. ನಗರದ ರಸ್ತೆಗೆ ಟೆಂಡರ್ ಕರೆಯುವಾಗ ಏನೇನು ಬರೆಯಬೇಕು ಎಂಬ ಮಾನದಂಡದ ಹೆಸರು ಅದು. ಸಿದ್ಧಪಡಿಸಿದ್ದು ಸ್ವಾತಿ ರಾಮನಾಥನ್ ಮತ್ತು ಜನ ಅರ್ಬನ್ ಸ್ಪೇಸ್ ಸಂಸ್ಥೆ. ಮೊದಲ ಹಂತಕ್ಕೆ ನಗರ ಮಧ್ಯದ ಏಳು ರಸ್ತೆ ಆರಿಸಿದರು: ಸೇಂಟ್ ಮಾರ್ಕ್ಸ್, ರೆಸಿಡೆನ್ಸಿ, ರಿಚ್‌ಮಂಡ್, ಮ್ಯೂಸಿಯಂ, ಕಮಿಸರಿಯೆಟ್, ಕನ್ನಿಂಗ್‌ಹ್ಯಾಂ, ವಿಠ್ಠಲ್ ಮಲ್ಯ. ಹಣ ರಾಜ್ಯ ಸರ್ಕಾರದ್ದು, ಕಾಮಗಾರಿ ಪಾಲಿಕೆಯದ್ದು.

ಆಗ ಎದ್ದ ಗಲಾಟೆ ನೆನಪಿದ್ದವರಿಗೆ ನೆನಪಿರುತ್ತದೆ. ಟ್ರಾಫಿಕ್ಕಿನಲ್ಲಿ ಉಸಿರು ಕಟ್ಟುವ ಊರಿನಲ್ಲಿ ರಸ್ತೆ ಕಿರಿದು ಮಾಡಿ ಫುಟ್‌ಪಾತ್ ಹಿಗ್ಗಿಸುವ ಬುದ್ಧಿ ಯಾರದು ಎಂದು ಕಾರಿನವರು ಕೇಳಿದರು. ಉತ್ತರ ಸರಳವಾಗಿತ್ತು. ಹಳೆಯ ದಂಡು ಪ್ರದೇಶದ ರಸ್ತೆಗಳು ಒಂದೇ ಅಗಲದವಲ್ಲ. ಒಂದು ಕಡೆ ಐದು ಸಾಲು ಕಾರು ಹಿಡಿಸಿದರೆ ನೂರು ಗಜ ಮುಂದೆ ಮೂರೇ. ಎಷ್ಟು ವಾಹನ ಸಾಗುತ್ತದೆ ಎನ್ನುವುದು ಆ ಕಿರಿದಾದ ಕತ್ತಿನ ಮೇಲೆಯೇ ನಿಂತಿರುತ್ತದೆ. ಅಗಲ ಇರುವ ಕಡೆಯ ಹೆಚ್ಚುವರಿ ಜಾಗ ಓಟಕ್ಕೆ ಒದಗುವುದಿಲ್ಲ, ಕತ್ತಿನ ಬಳಿ ನುಗ್ಗಾಟಕ್ಕೆ ಮಾತ್ರ ಒದಗುತ್ತದೆ. ಟೆಂಡರ್‌ಶ್ಯೂರ್ ಉದ್ದಕ್ಕೂ ಒಂದೇ ಅಗಲ ಇಟ್ಟು ಉಳಿದದ್ದನ್ನು ಕಾಲಿಗೆ ಕೊಟ್ಟಿತು.

ಆದರೆ ಖರ್ಚಿನ ದೊಡ್ಡ ಪಾಲು ಹೋದದ್ದು ಕಾಣುವ ಚಪ್ಪಡಿಗಲ್ಲ. ಕಾಲ ಕೆಳಗೆ ನೋಡಿ: ಅಲ್ಲಲ್ಲಿ ಚೌಕ ಮುಚ್ಚಳಗಳು. ಅವುಗಳ ಅಡಿಯಲ್ಲಿ ಜಲಮಂಡಳಿಯ ನೀರಿನ ಕೊಳವೆ, ಒಳಚರಂಡಿ, ಮಳೆನೀರಿನ ಕಾಲುವೆ, ಬೆಸ್ಕಾಂ ಕೇಬಲ್, ಫೈಬರ್ ಕೇಬಲ್ ಎಳೆಯಲು ಖಾಲಿ ಬಿಟ್ಟ ಕೊಳವೆಗಳು, ಎಲ್ಲಕ್ಕೂ ಅದರದರ ಜಾಗ. ಹೊಸ ಕೇಬಲ್ ಬೇಕಾದವರು ಮುಚ್ಚಳ ತೆಗೆದು ಎಳೆದುಕೊಳ್ಳಬೇಕು, ರಸ್ತೆ ಅಗೆಯಬೇಕಿಲ್ಲ. ಬೇರೆ ರಸ್ತೆಗಳಲ್ಲಿ ಇವೆಲ್ಲ ಮುತ್ತಾತನ ಮನೆಯ ಅಟ್ಟದ ಹಾಗೆ: ಏನೇನಿದೆ ಎಂದು ಯಾರಿಗೂ ಪೂರ್ತಿ ಗೊತ್ತಿಲ್ಲ, ಕೈ ಹಾಕಿದಾಗಲೇ ತಿಳಿಯುವುದು. ನೀರಿನವರು ಅಗೆದರೆ ಕರೆಂಟು ಹೋಗುತ್ತದೆ, ಕರೆಂಟಿನವರು ಅಗೆದರೆ ಫೋನು. ಒಂದು ಕಿಲೋಮೀಟರ್ ಟೆಂಡರ್‌ಶ್ಯೂರಿಗೆ ಇಷ್ಟೊಂದು ದುಡ್ಡೇ ಎಂದು ಹುಬ್ಬೇರಿಸಿದವರು ಡಾಂಬರಿನ ದರದೊಂದಿಗೆ ತೂಗಿ ನೋಡಿದ್ದರು. ಹತ್ತು ಸಲ ಅಗೆದು ಹತ್ತು ಸಲ ಮುಚ್ಚುವ ದರದೊಂದಿಗೆ ತೂಗಲಿಲ್ಲ.

ಹಣದ ಮಾತು ಬಂತು, ಮುಂದುವರಿಸೋಣ. ಇಂಥ ಬೀದಿಗಳಿಗೆಲ್ಲ ಒಂದೇ ತಿಜೋರಿಯಿಂದ ದುಡ್ಡು ಬರುವುದಿಲ್ಲ. 2017ರ ಜೂನ್‌ನಲ್ಲಿ ಬೆಂಗಳೂರು ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಆ ಯೋಜನೆಯಲ್ಲಿ ನಗರವೊಂದಕ್ಕೆ ಐದು ವರ್ಷದಲ್ಲಿ ಕೇಂದ್ರದಿಂದ 500 ಕೋಟಿ, ಅಷ್ಟೇ ಮೊತ್ತ ರಾಜ್ಯ ಮತ್ತು ಪಾಲಿಕೆಯ ಕಡೆಯಿಂದ ಎಂದಿತ್ತು. ಇನ್‌ಫೆಂಟ್ರಿ ರಸ್ತೆ, ರೇಸ್‌ಕೋರ್ಸ್ ರಸ್ತೆ, ಕಮರ್ಷಿಯಲ್ ಸ್ಟ್ರೀಟ್‌ಗಳೆಲ್ಲ ಅದರಲ್ಲಿ ಹೊಸದಾದವು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹಾಸಿದ ಕಲ್ಲು ಬೇಗ ಎದ್ದು ಬಂದು 2021ರಲ್ಲಿ ಮತ್ತೆ ಹಾಸಬೇಕಾಯಿತು. ಬೀದಿಯ ಕಾವಲು ಕ್ಯಾಮೆರಾಗಳಿಗೆ ಇನ್ನೊಂದು ಲೆಕ್ಕ: ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆ, ಬೆಂಗಳೂರು ಸೇರಿ ಎಂಟು ನಗರಗಳಿಗೆ, ಕೇಂದ್ರ 60 ರಾಜ್ಯ 40ರ ಪಾಲಿನಲ್ಲಿ. 2014ರ ಡಿಸೆಂಬರಿನಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಬಾಂಬ್ ಸ್ಫೋಟಿಸಿ ಒಬ್ಬ ಮಹಿಳೆ ತೀರಿಕೊಂಡಿದ್ದರು. ಅಂದಿನಿಂದ ಈ ಭಾಗದವರಿಗೆ ಕ್ಯಾಮೆರಾ ಎಂದರೆ ಬೇಸರವಿಲ್ಲ. ರಾತ್ರಿ ಒಂಟಿಯಾಗಿ ನಡೆಯುವ ಹೆಂಗಸಿಗೆ ಕ್ಯಾಮೆರಾಗಿಂತ ಹೆಚ್ಚು ಧೈರ್ಯ ಕೊಡುವುದು ತೆರೆದಿರುವ ಒಂದು ಬೀಡಾ ಅಂಗಡಿ ಎಂಬುದೂ ನಿಜ, ಅದನ್ನು ಫುಟ್‌ಪಾತಿನಿಂದ ಎಬ್ಬಿಸುವ ಕಾರ್ಯಾಚರಣೆ ಬೇರೆ ವಿಭಾಗದ ಕೆಲಸ.

ಇವೆಲ್ಲ ಕಟ್ಟುವ ದುಡ್ಡು. ಕಾಪಾಡುವ ದುಡ್ಡು ಎಲ್ಲಿಂದ ಬರುತ್ತದೆ? ಗುತ್ತಿಗೆಯಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂದಿರುತ್ತದೆ. ಅಷ್ಟು ಕಾಲ ಕಲ್ಲು ಎದ್ದರೆ ಗುತ್ತಿಗೆದಾರನೇ ಕೂರಿಸಬೇಕು. ಅವಧಿ ಮುಗಿದ ಮೇಲೆ ರಸ್ತೆ ಪಾಲಿಕೆಯ ಮಾಮೂಲಿ ನಿರ್ವಹಣೆಯ ಪಟ್ಟಿಗೆ ಬೀಳುತ್ತದೆ, ಅಲ್ಲಿ ಗುಂಡಿ ಮುಚ್ಚುವ ಸಾವಿರ ರಸ್ತೆಗಳು ಮೊದಲೇ ಸರದಿಯಲ್ಲಿ ನಿಂತಿವೆ. ಹೊಸ ಕಾಮಗಾರಿಗೆ ಗುದ್ದಲಿ ಪೂಜೆಯಿದೆ, ಶಿಲಾಫಲಕವಿದೆ. ದುರಸ್ತಿಗೆ ಶಿಲಾಫಲಕ ನೆಟ್ಟದ್ದನ್ನು ನಾನಂತೂ ನೋಡಿಲ್ಲ.

ರೆಸಿಡೆನ್ಸಿ ರಸ್ತೆಗೆ, ಅಂದರೆ ಕಾಗದದ ಮೇಲಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಗೆ, ಬಂದಾಗ ಈ ಅಸಡ್ಡೆಯ ಪರಿಣಾಮ ಕಾಲಿಗೇ ತಿಳಿಯುತ್ತದೆ. ಫುಟ್‌ಪಾತಿನ ನಡುವೆ ಸಾಗುವ ಗೆರೆ ಟೈಲ್ಸ್ ಗಮನಿಸಿ. ಉದ್ದ ಗೆರೆಯಿದ್ದರೆ ಮುಂದೆ ನಡೆ, ಬೊಟ್ಟುಗಳಿದ್ದರೆ ನಿಲ್ಲು. ಕಣ್ಣು ಕಾಣದವರು ಬಿಳಿ ಕೋಲಿನಿಂದಲೂ ಪಾದದಿಂದಲೂ ಓದುತ್ತಾರೆ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ರೂಪಿಸಿ, 1967ರಲ್ಲಿ ಒಕಯಾಮಾ ನಗರದಲ್ಲಿ ಅಂಧರ ಶಾಲೆಯ ಬಳಿ ಮೊದಲು ಹಾಕಿಸಿದ ಉಪಾಯ ಇದು. ನಮ್ಮಲ್ಲಿ ಮುರಿದ ಟೈಲ್ಸ್ ಬದಲಿಸುವವರಿಗೆ ಗೆರೆ ಮತ್ತು ಬೊಟ್ಟಿನ ವ್ಯತ್ಯಾಸ ಯಾರೂ ಹೇಳಿರುವುದಿಲ್ಲ. ಸಿಕ್ಕಿದ್ದನ್ನು ಕೂರಿಸುತ್ತಾರೆ. ಗೆರೆ ಹಿಡಿದು ಹೋದರೆ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಮೂಗು ತಾಗುವ ಫುಟ್‌ಪಾತುಗಳು ಈ ಊರಿನಲ್ಲಿ ಬೇಕಾದಷ್ಟಿವೆ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ರಸ್ತೆಯನ್ನೂ ಒಳಗೊಳ್ಳುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಈ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ನಿಯಮ ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು. 2025ರ ಮೇ ತಿಂಗಳಲ್ಲಿ, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೇ ಎಂದಿತು. ತೀರ್ಪುಗಳು ಗಟ್ಟಿಯಾಗಿವೆ, ರಸ್ತೆ ದಾಟುವುದು ಮಾತ್ರ ಕಷ್ಟವಾಗಿಯೇ ಉಳಿದಿದೆ. ರೆಸಿಡೆನ್ಸಿ ರಸ್ತೆ ಏಕಮುಖವಾದ್ದರಿಂದ ಇಲ್ಲಿ ವಾಹನಗಳು ಹಸಿರು ಬಿದ್ದೊಡನೆ ಚಿಮ್ಮಿ ಬರುತ್ತವೆ. ದಾಟುವ ಸಿಗ್ನಲ್ಲಿಗೆ ಸಮಯ ಕೊಡುವಾಗ ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಎಣಿಸುವುದು ರೂಢಿ. ಹದಿನಾಲ್ಕು ಮೀಟರ್ ರಸ್ತೆಗೆ ಹನ್ನೆರಡು ಸೆಕೆಂಡು. ಮಂಡಿ ನೋವಿನ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ ಹದಿನೇಳೂವರೆ ಸೆಕೆಂಡು ಬೇಕು. ಆ ಐದೂವರೆ ಸೆಕೆಂಡು ಕೊಡಲು ಒಂದು ರೂಪಾಯಿಯ ಕಲ್ಲೂ ಬೇಡ, ಟೆಂಡರೂ ಬೇಡ.

ಹಿಂದಿರುಗಲು ಮ್ಯೂಸಿಯಂ ರಸ್ತೆ ಹಿಡಿಯಿರಿ. ಚರ್ಚ್ ಸ್ಟ್ರೀಟ್ ಸೇರುವ ಹತ್ತಿರ ಟಿ.ಎಸ್. ಶಾನುಭಾಗರ ಪ್ರೀಮಿಯರ್ ಪುಸ್ತಕದಂಗಡಿ 2009ರವರೆಗೆ ಇತ್ತು. ಟೆಂಡರ್‌ಶ್ಯೂರ್ ಏಳರಲ್ಲಿ ಮ್ಯೂಸಿಯಂ ರಸ್ತೆಯೂ ಒಂದು, ಚಿಕ್ಕದು. ಚಪ್ಪಡಿ ಎದ್ದ ಕಡೆ ಸಿಮೆಂಟ್ ಮೆತ್ತಿರುವುದು ಇಂಥ ರಸ್ತೆಗಳಲ್ಲಿ ಸಾಮಾನ್ಯ. ಇದನ್ನು ಕೆಲಸಗಾರರ ಸೋಮಾರಿತನ ಎಂದುಕೊಳ್ಳಬೇಡಿ. ಒಂದು ಚಪ್ಪಡಿಗೆಂದು ಅಂದಾಜು ಪಟ್ಟಿ ಬರೆದು, ಮಂಜೂರಾತಿ ಪಡೆದು, ಕ್ವಾರಿಯಿಂದ ಅದೇ ದಪ್ಪದ ಕಲ್ಲು ತರಿಸಲು ಯಾವ ಕಿರಿಯ ಎಂಜಿನಿಯರಿಗೂ ಆಗುವುದಿಲ್ಲ. ಸಿಮೆಂಟು ಮಾತ್ರ ಕೈಗೆ ಸಿಗುತ್ತದೆ. ಹೊಸ ಬೀದಿ ಕಟ್ಟುವಾಗಲೇ ನೂರಕ್ಕೆ ಐದಾರು ಚಪ್ಪಡಿ ಹೆಚ್ಚಿಗೆ ಕೊಂಡು ಗೋದಾಮಿನಲ್ಲಿಡಿ ಎಂದು ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಈ ತೊಂದರೆಯ ಅರ್ಧ ಹೋಗುತ್ತದೆ. ಈ ರಸ್ತೆಗಳನ್ನು ಕಟ್ಟಿಸಿದ ಪಾಲಿಕೆ, ಅಂದರೆ ಬಿಬಿಎಂಪಿ, ಈಗ ಇಲ್ಲ. 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳಾಗಿವೆ, ಈ ರಸ್ತೆಗಳು ಕೇಂದ್ರ ನಗರ ಪಾಲಿಕೆಗೆ ಸೇರಿವೆ. ಅಲ್ಲಿಗೆ ದೂರು ಒಯ್ಯುವವರು ನಿಮ್ಮ ರಸ್ತೆಯ ದೋಷ ಹೊಣೆಗಾರಿಕೆ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಮೊದಲು ಕೇಳಿ. ಆ ತಾರೀಖಿಗೆ ಒಂದು ತಿಂಗಳ ಮುಂಚೆ ಎದ್ದ ಕಲ್ಲುಗಳ ಪಟ್ಟಿ ಕೊಟ್ಟರೆ ಖರ್ಚು ಗುತ್ತಿಗೆದಾರನದು, ಒಂದು ದಿನ ತಡವಾದರೆ ಆಸ್ತಿ ತೆರಿಗೆ ಕಟ್ಟುವವರದು.