ಸಂಚಾರಿ ಧ್ವನಿವರ್ಧಕಗಳ ಪರೀಕ್ಷಾಕ್ರಮ

ಮದುವೆಯ ಚಪ್ಪರ, ಶಾಲೆಯ ವಾರ್ಷಿಕೋತ್ಸವ, ಊರಹಬ್ಬ, ಇವುಗಳಲ್ಲಿ ಧ್ವನಿವರ್ಧಕವಿಲ್ಲದೆ ನಡೆಯುವ ಕಾರ್ಯಕ್ರಮವು ಈಗ ಅಪರೂಪವಾಗಿದೆ. ಇಂತಹ ಸಮಾರಂಭಗಳಿಗೆ ಹೋಗಿ, ಮುದ್ರಿತ ಗೀತಗಳನ್ನು ಒಂದರೊಡನೊಂದು ಹೊಂದಿಸಿ ಕೇಳಿಸುವವನನ್ನು ಜನರು ಡಿ.ಜೆ. ಎಂದು ಕರೆಯುತ್ತಾರೆ. ಅವನ ಸಾಮಗ್ರಿಯು ನಾಟಕಶಾಲೆಯಲ್ಲಿ ಸ್ಥಿರವಾಗಿ ಕೂಡಿಸಿದ ಯಂತ್ರದಂತಲ್ಲ. ಅದನ್ನು ಒಂದು ವಾಹನದಲ್ಲಿ ಸಾಗಿಸಬೇಕು; ಒಬ್ಬಿಬ್ಬರು ಎತ್ತಿಳಿಸಬೇಕು; ಹಿಂದೆಂದೂ ಕಾಣದ ಸ್ಥಳದಲ್ಲಿ ಅಲ್ಪಕಾಲದಲ್ಲಿ ಜೋಡಿಸಬೇಕು; ನಾಲ್ಕೈದು ಗಂಟೆಗಳ ಕಾಲ ತಪ್ಪದೆ ನುಡಿಸಬೇಕು. ಈ ಕಾರಣದಿಂದಲೇ ಆಂಪ್ಲಿಫೈಯರನ್ನು ತನ್ನ ಹೊಟ್ಟೆಯೊಳಗೇ ಇರಿಸಿಕೊಂಡಿರುವ ಪವರ್ಡ್ ಸ್ಪೀಕರ್ ಎಂಬ ಪೆಟ್ಟಿಗೆಯೂ, ಮಂದ್ರಧ್ವನಿಗಾಗಿಯೇ ಮೀಸಲಾದ ಸಬ್‌ವೂಫರ್ ಎಂಬ ಪೆಟ್ಟಿಗೆಯೂ ಬಳಕೆಗೆ ಬಂದಿವೆ. ಇವುಗಳ ಗುಣದೋಷಗಳನ್ನು ನಿರ್ಣಯಿಸುವ ಬಗೆ ಯಾವುದೆಂಬುದು ಈ ಲೇಖನದ ವಿಷಯ. ಕೊಳ್ಳುವವನ ಹಣ ಮಾತ್ರವಲ್ಲದೆ ಕೇಳುವವರ ಕಿವಿಯೂ, ಭಾಷೆಯ ಸ್ಫುಟತೆಯೂ ಈ ನಿರ್ಣಯವನ್ನು ಅವಲಂಬಿಸಿರುವುದರಿಂದ, ವಿದ್ವಾಂಸರು ಇದನ್ನು ಕೇವಲ ವರ್ತಕರ ವಿಷಯವೆಂದು ಉಪೇಕ್ಷಿಸತಕ್ಕದ್ದಲ್ಲ.

ಈ ಯಂತ್ರದ ಪೂರ್ವಚರಿತ್ರೆಯು ದೀರ್ಘವಾದುದಲ್ಲ. ಅಮೆರಿಕದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಾಮ್ ಎಂಬಿಬ್ಬರು ೧೯೧೫ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದ ಜನಸಮೂಹದ ಮುಂದೆ ತಮ್ಮ ಧ್ವನಿವರ್ಧಕವನ್ನು ಪ್ರದರ್ಶಿಸಿದರು. ಅದಕ್ಕೆ ಅವರಿಟ್ಟ ‘ಮ್ಯಾಗ್ನವಾಕ್ಸ್’ ಎಂಬ ಲ್ಯಾಟಿನ್ ಹೆಸರಿಗೆ ಮಹಾಘೋಷವೆಂದು ಅರ್ಥ. ೧೯೨೫ರಲ್ಲಿ ರೈಸ್ ಮತ್ತು ಕೆಲಾಗ್ ಎಂಬವರು ಪ್ರಕಟಿಸಿದ ರಚನೆಯಲ್ಲಿ ಅಯಸ್ಕಾಂತದ ನಡುವೆ ತೂಗುವ ತಂತಿಯ ಸುರುಳಿಯೊಂದು ಶಂಕುವಿನಾಕಾರದ ಕಾಗದವನ್ನು ಹಿಂದುಮುಂದಾಗಿ ತಳ್ಳುತ್ತದೆ. ಇಂದಿನ ಸ್ಪೀಕರುಗಳಲ್ಲಿ ಬಹುಪಾಲು ಈಗಲೂ ಆ ತತ್ತ್ವವನ್ನೇ ಅನುಸರಿಸುತ್ತವೆ.

ಪೆಟ್ಟಿಗೆಯ ಮೇಲೆ ದೊಡ್ಡಕ್ಷರಗಳಲ್ಲಿ ಕಾಣುವುದು ವಾಟುಗಳ ಸಂಖ್ಯೆ. ೨೦೦೦ ವಾಟಿನ ಸ್ಪೀಕರು ೧೦೦೦ ವಾಟಿನದಕ್ಕಿಂತ ಎರಡು ಪಟ್ಟು ಜೋರಾಗಿರಬೇಕೆಂದು ಸಾಮಾನ್ಯರು ಭಾವಿಸುತ್ತಾರೆ. ಇದು ಸರಿಯಲ್ಲ. ಶಕ್ತಿಯನ್ನು ಇಮ್ಮಡಿಸಿದರೆ ಧ್ವನಿಯ ಮಟ್ಟವು ಏರುವುದು ೩ ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಜೋರೆಂದು ತೋರಬೇಕಾದರೆ ಸುಮಾರು ೧೦ ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಇದಲ್ಲದೆ, ಮುದ್ರಿತ ಸಂಖ್ಯೆಯು ಅನೇಕ ವೇಳೆ ಕ್ಷಣಮಾತ್ರದ ಶಿಖರಶಕ್ತಿಯನ್ನು ಹೇಳುತ್ತದೆಯೇ ಹೊರತು ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನಲ್ಲ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುವುದು. ಒಂದು ಸ್ಪೀಕರು ೧ ವಾಟು ಶಕ್ತಿಗೆ ೧ ಮೀಟರು ದೂರದಲ್ಲಿ ೯೬ ಡೆಸಿಬೆಲ್ ಕೊಡುವುದೆಂದಿಟ್ಟುಕೊಳ್ಳೋಣ. ೫೦೦ ವಾಟಿಗೆ ೨೭ ಡೆಸಿಬೆಲ್ ಕೂಡಿ ೧೨೩ ಆಗುತ್ತದೆ. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ೬ ಡೆಸಿಬೆಲ್ ಇಳಿಯುವುದರಿಂದ ೧೬ ಮೀಟರು ದೂರದಲ್ಲಿ ಉಳಿಯುವುದು ೯೯. ಇದೇ ಸ್ಪೀಕರಿಗೆ ೧೦೦೦ ವಾಟು ಕೊಟ್ಟರೂ ಅಲ್ಲಿ ದೊರೆಯುವುದು ೧೦೨ ಮಾತ್ರ. ಆದರೆ ೧ ವಾಟಿಗೆ ೯೯ ಡೆಸಿಬೆಲ್ ಕೊಡುವ ಬೇರೊಂದು ಸ್ಪೀಕರು ೫೦೦ ವಾಟಿನಿಂದಲೇ ಆ ೧೦೨ನ್ನು ಮುಟ್ಟುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆಯು ವಾಟುಗಳೆಷ್ಟು ಎಂಬುದಲ್ಲ. ಕೇಳುಗನಿರುವ ಸ್ಥಳದಲ್ಲಿ ಧ್ವನಿಯೆಷ್ಟು, ಅದು ಎಷ್ಟು ಶುದ್ಧ, ಎಷ್ಟು ಹೊತ್ತು ಎಂಬುದು.

ಮಂದ್ರಧ್ವನಿಯ ವಿಷಯದಲ್ಲಿ ಕಷ್ಟವು ಇನ್ನೂ ಹೆಚ್ಚು. ಸಂಗೀತರತ್ನಾಕರದಲ್ಲಿ ಶಾರ್ಙ್ಗದೇವನು ಮಂದ್ರಕ್ಕೆ ಹೃದಯವನ್ನೂ, ಮಧ್ಯಕ್ಕೆ ಕಂಠವನ್ನೂ, ತಾರಕ್ಕೆ ಶಿರಸ್ಸನ್ನೂ ಸ್ಥಾನಗಳೆಂದು ಹೇಳಿರುವುದನ್ನು ವಾಚಕರು ಬಲ್ಲರು. ಸಬ್‌ವೂಫರಿನ ಮುಂದೆ ನಿಂತವನಿಗೂ ನಾದವು ಎದೆಯಲ್ಲಿಯೇ ತಾಗುತ್ತದೆ. ಸೆಕೆಂಡಿಗೆ ೪೦ ಕಂಪನಗಳುಳ್ಳ ನಾದದ ಒಂದೊಂದು ತರಂಗವೂ ಗಾಳಿಯಲ್ಲಿ ಸುಮಾರು ೮.೬ ಮೀಟರು ಉದ್ದವಿರುವುದು. ಮುಚ್ಚಿದ ಪೆಟ್ಟಿಗೆಯಲ್ಲಿ ಅದೇ ಮಟ್ಟದ ಧ್ವನಿಯನ್ನು ೮೦ ಕಂಪನಗಳ ಬದಲು ೪೦ರಲ್ಲಿ ಕೊಡಬೇಕಾದರೆ ಶಂಕುವು ನಾಲ್ಕು ಪಟ್ಟು ದೂರ ಚಲಿಸಬೇಕು. ಇಲ್ಲಿ ಹಾಫ್‌ಮನ್ನನ ಉಕ್ಕಿನ ನಿಯಮವೆಂದು ಪ್ರಸಿದ್ಧವಾದ ಮಾತೊಂದಿದೆ: ಪೆಟ್ಟಿಗೆ ಚಿಕ್ಕದಾಗಿರುವುದು, ಮಂದ್ರವು ಆಳವಾಗಿರುವುದು, ಅಲ್ಪಶಕ್ತಿಗೆ ಹೆಚ್ಚು ಧ್ವನಿ ದೊರೆಯುವುದು, ಈ ಮೂರರಲ್ಲಿ ಎರಡನ್ನು ಪಡೆದವನು ಮೂರನೆಯದನ್ನು ಬಿಡಬೇಕು. ಚಿಕ್ಕ ಪೆಟ್ಟಿಗೆಯಲ್ಲಿ ಎಲ್ಲವೂ ಇದೆಯೆಂದು ಸಾರುವ ಜಾಹೀರಾತನ್ನು ಈ ನಿಯಮದಿಂದ ಅಳೆಯತಕ್ಕದ್ದು. ನಾಲ್ಕು ತಂತಿಗಳ ಬಾಸ್ ಗಿಟಾರಿನ ಅತಿಮಂದ್ರ ಸ್ವರವು ಸುಮಾರು ೪೧ ಕಂಪನಗಳದು. ಅಲ್ಲಿಯವರೆಗೆ ದೃಢವಾಗಿ ಇಳಿಯುವ ಪೆಟ್ಟಿಗೆಯು ಮದುವೆಯ ಕೆಲಸಕ್ಕೆ ಸಾಕು. ಅದಕ್ಕೂ ಕೆಳಗಿನದನ್ನು ಬಯಸಿದರೆ ಅದರ ಬೆಲೆಯನ್ನು ಹೊರುವವನ ಬೆನ್ನು ತೆರಬೇಕಾಗುವುದು.

ಇನ್ನು ಪರೀಕ್ಷೆಯ ಕ್ರಮ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಶ್ರುತಿಗಳನ್ನು ನಿರ್ಣಯಿಸುವಾಗ ಸಮಾನವಾದ ಎರಡು ವೀಣೆಗಳನ್ನು ತೆಗೆದುಕೊಂಡು, ಒಂದನ್ನು ಹಾಗೆಯೇ ಇರಿಸಿ ಮತ್ತೊಂದನ್ನು ಕ್ರಮವಾಗಿ ಇಳಿಸುತ್ತ ಹೋಲಿಸುವ ವಿಧಾನವನ್ನು ಹೇಳಿದ್ದಾನೆ. ಇವೇ ಮುಂದೆ ಧ್ರುವವೀಣೆ ಮತ್ತು ಚಲವೀಣೆ ಎಂದು ಪ್ರಸಿದ್ಧವಾದುವು. ಸ್ಪೀಕರಿನ ಪರೀಕ್ಷೆಗೂ ಇದೇ ನ್ಯಾಯವು ಸಲ್ಲುತ್ತದೆ. ಗುಣವು ಚೆನ್ನಾಗಿ ತಿಳಿದಿರುವ ಒಂದು ಸ್ಪೀಕರನ್ನು ಧ್ರುವವಾಗಿಟ್ಟುಕೊಂಡು ಹೊಸತನ್ನು ಅದರ ಪಕ್ಕದಲ್ಲಿಯೇ, ಅದೇ ಎತ್ತರದಲ್ಲಿ, ಅದೇ ಗೀತದಿಂದ ಪರೀಕ್ಷಿಸಬೇಕು. ನೆನಪಿನಲ್ಲಿರುವ ಧ್ವನಿಯೊಡನೆ ಹೋಲಿಸುವುದು ನಂಬತಕ್ಕದ್ದಲ್ಲ.

ಈ ಹೋಲಿಕೆಯಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದಾಗಿ, ಎರಡರ ಧ್ವನಿಮಟ್ಟವನ್ನೂ ಅಳತೆಯ ಯಂತ್ರದಿಂದ ಸಮಮಾಡಬೇಕು. ಒಂದು ಡೆಸಿಬೆಲ್‌ನಷ್ಟು ಜೋರಾಗಿರುವುದನ್ನು ಕಿವಿಯು ಜೋರೆಂದು ಗುರುತಿಸದೆ, ಉತ್ತಮವೆಂದು ಭ್ರಮಿಸುವುದುಂಟು. ಎರಡನೆಯದಾಗಿ, ಕೇಳುವವರಿಗೆ ಪೆಟ್ಟಿಗೆಗಳು ಕಾಣದಂತೆ ತೆಳುವಾದ ಬಟ್ಟೆಯ ತೆರೆಯನ್ನು ಕಟ್ಟಬೇಕು. ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಎಂಬ ಸಂಶೋಧಕರು ೧೯೯೪ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸ್ಪೀಕರನ್ನು ಕಣ್ಣಾರೆ ಕಂಡವರ ಅಭಿಪ್ರಾಯಕ್ಕೂ ಅದನ್ನೇ ಕಾಣದೆ ಕೇಳಿದವರ ಅಭಿಪ್ರಾಯಕ್ಕೂ ಗಣ್ಯವಾದ ಅಂತರ ಕಂಡುಬಂದಿತು. ಕವಿಯ ಹೆಸರನ್ನು ಮುಚ್ಚಿಟ್ಟು ಪದ್ಯವನ್ನು ವಿಮರ್ಶೆಗೆ ಕೊಟ್ಟ ಅಧ್ಯಾಪಕರಿಗೆ ಇದು ಆಶ್ಚರ್ಯವನ್ನುಂಟುಮಾಡಲಾರದು.

ಅನಂತರ ಸೋಪಾನಪರೀಕ್ಷೆ. ಎಲ್ಲ ಸ್ವರಸ್ಥಾನಗಳನ್ನೂ ಒಳಗೊಂಡು ಜಲಪಾತದಂತೆ ಕೇಳಿಸುವ ಪಿಂಕ್ ನಾಯ್ಸ್ ಎಂಬ ಧ್ವನಿಯನ್ನು ಕೊಟ್ಟು, ಒಳಬರುವ ಸಂಕೇತವನ್ನು ೩ ಡೆಸಿಬೆಲ್ ಮೆಟ್ಟಿಲುಗಳಲ್ಲಿ ಏರಿಸುತ್ತ ಹೋಗಬೇಕು. ಹೊರಬರುವ ಧ್ವನಿಯೂ ಪ್ರತಿಸಾರಿಯೂ ೩ ಏರುವವರೆಗೆ ಸ್ಪೀಕರು ಸ್ವಸ್ಥವಾಗಿರುವುದು. ಎಲ್ಲಿ ೩ಕ್ಕೆ ಬದಲು ೨ ಅಥವಾ ೧ ಮಾತ್ರ ಏರುವುದೋ ಅಲ್ಲಿ ಒಳಗಿನ ಲಿಮಿಟರ್ ಎಂಬ ರಕ್ಷಣಾವ್ಯವಸ್ಥೆಯು ಧ್ವನಿಯನ್ನು ಹಿಡಿದು ನಿಲ್ಲಿಸುತ್ತಿದೆಯೆಂದು ತಿಳಿಯಬೇಕು. ಚಿಕ್ಕ ಪೆಟ್ಟಿಗೆಗಳಲ್ಲಿ ಮೊದಲು ಕುಗ್ಗುವುದು ಮಂದ್ರವೇ. ಅಲ್ಪಮಟ್ಟದಲ್ಲಿ ಗಂಭೀರವಾಗಿ ನುಡಿದ ಸ್ಪೀಕರು ಜನ ತುಂಬಿದ ಮೇಲೆ ಬಡಕಲಾಗಿ ಕೇಳಿಸುವುದಕ್ಕೆ ಇದೇ ಕಾರಣ.

ಕಾಲಪರೀಕ್ಷೆಯೂ ಅಷ್ಟೇ ಮುಖ್ಯ. ತಾಮ್ರದ ರೋಧವು ಒಂದೊಂದು ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೂ ಶೇಕಡ ೦.೪ರಷ್ಟು ಏರುತ್ತದೆ. ಸ್ಪೀಕರಿನ ಸುರುಳಿಯು ಮೊದಲಿಗಿಂತ ೧೮೦ ಡಿಗ್ರಿ ಹೆಚ್ಚಾಗಿ ಕಾದರೆ ರೋಧವು ಸುಮಾರು ಶೇಕಡ ೭೦ರಷ್ಟು ಹೆಚ್ಚುವುದು. ಧ್ವನಿಯು ೩ ಅಥವಾ ೪ ಡೆಸಿಬೆಲ್ ಕುಸಿಯಬಹುದು. ಅಂದರೆ ೧೦೦೦ ವಾಟಿನ ಹೆಚ್ಚಳವು ೫೦೦ಕ್ಕಿಂತಲೂ ಕೆಳಗಿಳಿದಂತೆ. ಅಂಗಡಿಯಲ್ಲಿ ಐದು ನಿಮಿಷ ಕೇಳಿದವನಿಗೆ ಇದು ತಿಳಿಯಲಾರದು. ಆದುದರಿಂದ ನಿಜವಾದ ಕಾರ್ಯಕ್ರಮದ ಮಟ್ಟದಲ್ಲಿ ಒಂದೆರಡು ಗಂಟೆ ನುಡಿಸಿ, ಮೊದಲು ಅಳೆದ ಸಂಖ್ಯೆಯನ್ನು ಮತ್ತೆ ಅಳೆಯಬೇಕು. ಬ್ಯಾಟರಿಯಿಂದ ನಡೆಯುವ ಪೆಟ್ಟಿಗೆಯಾದರೆ ಅದು ಎಷ್ಟು ಗಂಟೆ ಬರುವುದೆಂಬುದನ್ನೂ ಅದೇ ಮಟ್ಟದಲ್ಲಿಯೇ ಎಣಿಸಬೇಕು; ಮೆಲುದನಿಯಲ್ಲಿ ಎಣಿಸಿದ ಗಂಟೆಗಳಿಗೆ ಬೆಲೆಯಿಲ್ಲ.

ಸಬ್‌ವೂಫರನ್ನು ಕೋಣೆಯೊಳಗೆ ಪರೀಕ್ಷಿಸುವುದು ಯುಕ್ತವಲ್ಲ. ಗೋಡೆ ಮೂಲೆಗಳು ಮಂದ್ರವನ್ನು ಕೆಲವೆಡೆ ಹೆಚ್ಚಿಸಿ ಕೆಲವೆಡೆ ನುಂಗುತ್ತವೆ. ಬಯಲಿನಲ್ಲಿ, ಗೋಡೆಗಳಿಂದ ದೂರವಾಗಿ, ಪೆಟ್ಟಿಗೆಯನ್ನೂ ಮೈಕನ್ನೂ ನೆಲದ ಮೇಲೆಯೇ ಇಟ್ಟು ಅಳೆದರೆ ಸತ್ಯವು ಹೊರಬೀಳುವುದು. ಆಮೇಲೆ ಮೇಲಿನ ಸ್ಪೀಕರಿನೊಡನೆ ಅದರ ಸಂಧಿಯನ್ನು ನೋಡಬೇಕು. ಎರಡೂ ಕೆಲಸವನ್ನು ಹಂಚಿಕೊಳ್ಳುವ ಕ್ರಾಸ್‌ಓವರ್ ಸ್ಥಾನವು ೧೦೦ ಕಂಪನಗಳಾದರೆ ಅಲ್ಲಿ ತರಂಗದ ಉದ್ದವು ಸುಮಾರು ೩.೪ ಮೀಟರು. ಒಂದು ಪೆಟ್ಟಿಗೆಯು ಮತ್ತೊಂದಕ್ಕಿಂತ ೧.೭ ಮೀಟರು ಹಿಂದಿದ್ದರೆ ಒಂದು ತಳ್ಳುವಾಗ ಮತ್ತೊಂದು ಸೆಳೆದು, ಎರಡರ ನಾದವೂ ಪರಸ್ಪರ ನಾಶವಾಗುವುದು. ಪರೀಕ್ಷೆಯು ಸುಲಭ: ೧೦೦ ಕಂಪನಗಳ ಶುದ್ಧನಾದವನ್ನು ಕೊಟ್ಟು, ಒಂದೊಂದನ್ನೂ ಬೇರೆಯಾಗಿ ಸಮಮಟ್ಟಕ್ಕೆ ತಂದು, ಬಳಿಕ ಎರಡನ್ನೂ ಕೂಡಿ ನುಡಿಸಬೇಕು. ಸಂಧಿಯು ಸರಿಯಾಗಿದ್ದರೆ ಮಟ್ಟವು ೬ ಡೆಸಿಬೆಲ್‌ನಷ್ಟು ಏರುವುದು. ಏರುವ ಬದಲು ಇಳಿದರೆ ಪೋಲಾರಿಟಿಯ ಗುಂಡಿಯನ್ನು ತಿರುಗಿಸಿ ಅಥವಾ ಸ್ಥಾನವನ್ನು ಬದಲಿಸಿ ಮತ್ತೆ ನೋಡಬೇಕು. ಹಣ ಖರ್ಚಿಲ್ಲದೆ ದೊರೆಯುವ ಈ ೬ ಡೆಸಿಬೆಲ್ ನಾಲ್ಕು ಪಟ್ಟು ಶಕ್ತಿಗೆ ಸಮಾನವಾದುದು.

ಭಾಷಾಧ್ಯಾಪಕರು ನೆರವಾಗಬಲ್ಲ ಪರೀಕ್ಷೆಯೊಂದುಂಟು. ಡಿ.ಜೆ.ಯು ಗೀತಗಳನ್ನು ಕೇಳಿಸುವುದಲ್ಲದೆ ಮೈಕು ಹಿಡಿದು ವಧೂವರರ ಹೆಸರನ್ನೂ, ಹಿರಿಯರಿಗೆ ಆಹ್ವಾನವನ್ನೂ ಹೇಳುತ್ತಾನೆ. ಮಂದ್ರನಾದವು ತನಗಿಂತ ಮೇಲಿನ ಧ್ವನಿಗಳನ್ನು ಮರೆಮಾಡುವಷ್ಟು ಸುಲಭವಾಗಿ ಮೇಲಿನವು ಮಂದ್ರವನ್ನು ಮರೆಮಾಡಲಾರವೆಂದು ೧೯೨೪ರಲ್ಲಿಯೇ ವೆಗೆಲ್ ಮತ್ತು ಲೇನ್ ತೋರಿಸಿದರು. ಸ್ವರಗಳು ಬಲವಾಗಿರುವುದರಿಂದ ಉಳಿದುಕೊಳ್ಳುತ್ತವೆ. ಅರ್ಥವನ್ನು ಬೇರ್ಪಡಿಸುವ ವ್ಯಂಜನಗಳು, ಅದರಲ್ಲಿಯೂ ಸಕಾರ ಶಕಾರಗಳಂತಹ ಸೂಕ್ಷ್ಮ ಧ್ವನಿಗಳು, ಅಡಗಿಹೋಗುತ್ತವೆ. ಕಾಲು–ಹಾಲು–ಪಾಲು, ಹಳ್ಳಿ–ಹಲ್ಲಿ, ಸಾಲು–ಶಾಲು, ಕಲೆ–ತಲೆ–ಬಲೆ ಮುಂತಾದ ಜೋಡಿಗಳ ಪಟ್ಟಿಯನ್ನು ಕ್ರಮತಪ್ಪಿಸಿ ಮೈಕಿನಲ್ಲಿ ಓದಿಸಿ, ಸಭೆಯ ಹಿಂದಿನ ಸಾಲಿನವರು ತಾವು ಕೇಳಿದ್ದನ್ನು ಬರೆಯುವಂತೆ ಮಾಡಿದರೆ, ನೂರಕ್ಕೆ ಎಷ್ಟು ಸರಿಯೆಂಬುದರಿಂದ ಸ್ಪೀಕರಿನ ಸ್ಫುಟತೆಯು ಸಂಖ್ಯೆಯಾಗಿ ದೊರೆಯುವುದು. ಹಿನ್ನೆಲೆಯಲ್ಲಿ ಗೀತವಿಲ್ಲದೆ ಒಮ್ಮೆ, ಗೀತದೊಡನೆ ಒಮ್ಮೆ, ಹೀಗೆ ಎರಡು ಸಲ ಬರೆಯಿಸುವುದು ಒಳ್ಳೆಯದು. ಇಂಗ್ಲಿಷ್ ಪದಗಳಿಂದ ಮಾಡಿದ ಇಂತಹ ಪಟ್ಟಿಗಳು ಬಹುಕಾಲದಿಂದ ಬಳಕೆಯಲ್ಲಿವೆ. ಆದರೆ ಳಕಾರ ಣಕಾರಗಳನ್ನು ಅವು ಪರೀಕ್ಷಿಸಲಾರವು. ಕನ್ನಡದ ಕಿವಿಗೆ ಕನ್ನಡದ ಪಟ್ಟಿಯೇ ಬೇಕು.

ಕೊನೆಯದಾಗಿ ಮಿತಿಯ ವಿಚಾರ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಹೊರಡಿಸಿದ ಮಾನದಲ್ಲಿ, ಇಂತಹ ಸ್ಥಳಗಳಲ್ಲಿ ೧೫ ನಿಮಿಷಗಳ ಸರಾಸರಿಯು ೧೦೦ ಡೆಸಿಬೆಲ್ ಮೀರಬಾರದೆಂದಿದೆ. ಭಾರತದಲ್ಲಿ ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸಪ್ರದೇಶದ ಮಿತಿಯು ಹಗಲು ೫೫, ರಾತ್ರಿ ೪೫ ಡೆಸಿಬೆಲ್. ಧ್ವನಿವರ್ಧಕವಿರುವ ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಈ ಮಿತಿಯ ಮೇಲೆ ೧೦ ಅಥವಾ ಒಟ್ಟು ೭೫, ಇವುಗಳಲ್ಲಿ ಕಡಿಮೆಯಾದುದನ್ನು ದಾಟಬಾರದು. ಮೇಲಿನ ಲೆಕ್ಕದ ಸ್ಪೀಕರು ೧೬ ಮೀಟರಿನಲ್ಲಿ ೯೯ ಕೊಡುತ್ತಿದ್ದರೆ, ತಡೆಯಿಲ್ಲದ ಬಯಲಿನಲ್ಲಿ ಅದು ೬೫ಕ್ಕೆ ಇಳಿಯುವುದು ೮೦೦ ಮೀಟರು ದೂರದಲ್ಲಿ! ಗೋಡೆ ಮರಗಳು ಇದನ್ನು ಕಡಿಮೆಮಾಡುವುದು ನಿಜ. ಆದರೂ ಒಂದೇ ಪೆಟ್ಟಿಗೆಯ ವ್ಯಾಪ್ತಿಯೆಷ್ಟೆಂಬುದು ಇದರಿಂದ ವಿದಿತವಾಗುವುದು. ಅಲ್ಲದೆ, ನಿಯಮದಲ್ಲಿ ಬಳಸುವ ‘ಎ’ ಅಳತೆಯು ೫೦ ಕಂಪನಗಳ ನಾದವನ್ನು ೩೦ ಡೆಸಿಬೆಲ್‌ನಷ್ಟು ಕಡಿಮೆಯಾಗಿ ಎಣಿಸುತ್ತದೆ. ಯಂತ್ರವು ಮಿತಿಯೊಳಗಿದೆಯೆಂದು ತೋರಿಸುತ್ತಿರುವಾಗಲೇ ನೆರೆಮನೆಯ ಕಿಟಕಿಯು ನಡುಗುವುದು ಇದರಿಂದಲೇ. ಆದುದರಿಂದ ಸಬ್‌ವೂಫರಿನ ಪರೀಕ್ಷಕನು ‘ಸಿ’ ಅಳತೆಯನ್ನೂ ಜೊತೆಯಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು.

ಹೀಗೆ ನೋಡಿದರೆ ಉತ್ತಮ ಸ್ಪೀಕರೆಂದರೆ ಅತಿ ಜೋರಾದುದಲ್ಲ. ಬೇಕಾದ ಮಟ್ಟವನ್ನು ಶ್ರಮವಿಲ್ಲದೆ ಮುಟ್ಟಿ, ಕೊನೆಯ ಗಂಟೆಯಲ್ಲಿಯೂ ಮೊದಲಿನಂತೆಯೇ ನುಡಿದು, ಹಿಂದಿನ ಸಾಲಿನವನಿಗೆ ಹಳ್ಳಿಯನ್ನು ಹಳ್ಳಿಯೆಂದೇ ಕೇಳಿಸುವುದೇ ಉತ್ತಮವಾದುದು. ವಾಟುಗಳ ಸಂಖ್ಯೆಯನ್ನು ವರ್ತಕನು ಮುದ್ರಿಸಿಕೊಡುತ್ತಾನೆ. ಉಳಿದ ಸಂಖ್ಯೆಗಳನ್ನು ಕೊಳ್ಳುವವನು ತಾನೇ ಅಳೆದು ಪಡೆಯಬೇಕು. ಅದಕ್ಕೆ ಬೇಕಾದುದು ಒಂದು ಅಳತೆಯ ಯಂತ್ರ, ಒಂದು ತೆರೆ, ಒಂದು ಪದಗಳ ಪಟ್ಟಿ ಮತ್ತು ಒಂದು ದಿನದ ತಾಳ್ಮೆ.